ಭುಜ ಹೇಳುವುದೊಂದು, ಎದೆ ಹೇಳುವುದೊಂದು: ಪೊಲೀಸರ ಬಿಲ್ಲೆ, ಪದಕಗಳ ಕಥೆ

ಕಾರವಾರದ ಉಪ್ಪುಗಾಳಿಗೆ ಹಿತ್ತಾಳೆ ಹಸಿರು ತಿರುಗಲು ಒಂದು ಮಳೆಗಾಲ ಸಾಕು. ನಮ್ಮ ಪಕ್ಕದ ಮನೆಯ ಜಮಾದಾರ ಮಾವ ವರ್ಷಕ್ಕೊಮ್ಮೆ, ಚೌತಿಗೆ ದೇವರ ಪಾತ್ರೆ ತಿಕ್ಕುವ ಹೊತ್ತಿಗೆ, ಒಂದು ಹಳೇ ಬಿಸ್ಕಿಟ್ ಡಬ್ಬಿಯನ್ನೂ ಜಗಲಿಗೆ ತರುತ್ತಾರೆ. ಅದರೊಳಗೆ ಬೆಲ್ಟಿನ ಬಕ್ಕಲ್ಲು, ಒಂದು ಸೀಟಿ, ಭುಜಕ್ಕೆ ಸಿಕ್ಕಿಸುತ್ತಿದ್ದ ‘ಕೆಎಸ್‌ಪಿ’ (ಕರ್ನಾಟಕ ಸ್ಟೇಟ್ ಪೊಲೀಸ್) ಅಕ್ಷರಗಳು, ಮೂರಂಕಿಯ ಒಂದು ನಂಬರ್ ತಗಡು. ದೇವರ ದೀಪ ತಿಕ್ಕಿ ಉಳಿದ ಹುಣಸೆಹಣ್ಣಿನಲ್ಲೇ ಇವಕ್ಕೂ ಸ್ನಾನ. ಡ್ಯೂಟಿಯಲ್ಲಿದ್ದಾಗ ಬ್ರಾಸೋ ಹಾಕಿ ಉಜ್ಜುತ್ತಿದ್ದರಂತೆ. ‘ಪೆನ್ಶನ್ನಿಗೆ ಹುಣಸೆಹಣ್ಣೇ ಸಾಕು’ ಅನ್ನುತ್ತಾರೆ.

ಅವರು ನಿವೃತ್ತರಾದದ್ದು ಹೆಡ್ ಕಾನ್‌ಸ್ಟೇಬಲ್ ಆಗಿ. ಆದರೆ ನಮ್ಮ ಕಡೆ ಹಳಬರ ಬಾಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅಂದರೆ ಜಮಾದಾರ, ಸಬ್ ಇನ್‌ಸ್ಪೆಕ್ಟರ್ ಅಂದರೆ ಫೌಜದಾರ. ಮುಂಬಯಿ ಆಡಳಿತ ಬಿಟ್ಟುಹೋದ ಮಾತುಗಳು ಇವು.

ಖಾಕಿಯನ್ನು ನಾವು ದಿನಾ ನೋಡುತ್ತೇವೆ, ಓದಲು ಮಾತ್ರ ಬರುವುದಿಲ್ಲ. ಮೂರು ಸ್ಟಾರ್ ಇದ್ದವರೆಲ್ಲ ಇನ್‌ಸ್ಪೆಕ್ಟರ್ ಅಂದುಕೊಂಡು ನಾನೊಮ್ಮೆ ಅದಕ್ಕಿಂತ ಮೇಲಿನ ಹುದ್ದೆಯ ಡಿವೈಎಸ್‌ಪಿಯೊಬ್ಬರನ್ನು ‘ಇನ್‌ಸ್ಪೆಕ್ಟ್ರೇ’ ಅಂತ ಕರೆದಿದ್ದೆ. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಸುಮ್ನೆ ಕೆಮ್ಮಿದರು. ಸಾಹೇಬರು ನಕ್ಕು ಬಿಟ್ಟುಬಿಟ್ಟರು. ಆಮೇಲೆ ಜಮಾದಾರ ಮಾವನನ್ನು ಕೇಳಿದಾಗ ಅವರು ಒಂದೇ ಮಾತಿನಲ್ಲಿ ಹೇಳಿದ್ದು ಇದು: ಭುಜ ನೋಡಿದರೆ ಹುದ್ದೆ ಗೊತ್ತಾಗುತ್ತದೆ, ಬಲ ಎದೆ ನೋಡಿದರೆ ಹೆಸರು, ಎಡ ಎದೆ ನೋಡಿದರೆ ಮಾಡಿದ ಕೆಲಸ. ಮೂರನ್ನೂ ಒಂದಕ್ಕೊಂದು ಬೆರೆಸಬಾರದು.

ಮೊದಲು ಬಿಲ್ಲೆ, ಆಮೇಲೆ ಮನುಷ್ಯ

‘ಚಪರಾಸಿ’ ಅನ್ನುವ ಪದ ಎಲ್ಲಿಂದ ಬಂತು ಗೊತ್ತಾ? ಚಪರಾಸ್ ಅಂದರೆ ಬೆಲ್ಟಿಗೋ ಎದೆಗೆ ಅಡ್ಡ ಹಾಕಿದ ಪಟ್ಟಿಗೋ ಸಿಕ್ಕಿಸುವ ಹಿತ್ತಾಳೆ ಬಿಲ್ಲೆ. ಕಚೇರಿಯ ಹೆಸರು ಅದರ ಮೇಲೆ ಕೆತ್ತಿರುತ್ತಿತ್ತು. ಆ ಬಿಲ್ಲೆ ಹಾಕಿಕೊಂಡವನು ಚಪರಾಸಿ. ಮುಂಬಯಿ ಕಡೆಯ ‘ಪಟ್ಟೆವಾಲಾ’ ಕೂಡ ಹಾಗೆಯೇ, ಪಟ್ಟೆ ಕಟ್ಟಿದವನು. ಅಂದರೆ ಬಿಲ್ಲೆಯಿಂದಲೇ ಮನುಷ್ಯನಿಗೆ ಹೆಸರು ಬಂತು. ಓದು ಬಾರದ ಊರಿನಲ್ಲಿ ಕಾಗದ ತೋರಿಸಿ ಏನು ಪ್ರಯೋಜನ? ಸೊಂಟದಲ್ಲಿ ಹೊಳೆಯುವ ತಗಡು ಕಂಡರೆ ಸರ್ಕಾರದವನು ಬಂದ ಅಂತ ದೂರದಿಂದಲೇ ತಿಳಿಯುತ್ತಿತ್ತು.

ಕಾನೂನಿನ ಲೆಕ್ಕ ಮಾತ್ರ ಬೇರೆ. 1861ರ ಪೊಲೀಸ್ ಕಾಯ್ದೆಯ 8ನೇ ಕಲಂ ಪ್ರಕಾರ ಪೊಲೀಸನಾಗಿ ನೇಮಕವಾದವನಿಗೆ ಮೇಲಧಿಕಾರಿಯ ಮೊಹರಿರುವ ಒಂದು ಪ್ರಮಾಣಪತ್ರ ಕೊಡಬೇಕು. ಅವನ ಅಧಿಕಾರವೆಲ್ಲ ಆ ಕಾಗದದಿಂದ ಬರುವುದು. ನೌಕರಿ ಬಿಟ್ಟ ದಿನ ಅದು ಸತ್ತುಹೋಗುತ್ತದೆ, ತಕ್ಷಣ ವಾಪಸು ಕೊಡಬೇಕು. ಬಿಲ್ಲೆ, ಬೆಲ್ಟು, ಟೋಪಿ ಎಲ್ಲ ಆ ಕಾಗದದ ಹೊರಗಿನ ರೂಪ ಅಷ್ಟೇ.

ಡಬ್ಬಿಯಲ್ಲಿರುವ ನಂಬರ್ ತಗಡಿಗೆ ಇಲಾಖೆಯಲ್ಲಿ ‘ಮೆಟಲ್ ನಂಬರ್’ ಅಂತಲೇ ಹೆಸರು. ಈಗಲೂ ಎಫ್‌ಐಆರ್, ಪಂಚನಾಮೆಗಳಲ್ಲಿ ಕಾನ್‌ಸ್ಟೇಬಲ್ ಹೆಸರಿನ ಜೊತೆ ‘ಸಿಪಿಸಿ’ (ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್) ಅಂತ ಬರೆದು ಒಂದು ನಂಬರ್ ಹಾಕುತ್ತಾರಲ್ಲ, ಅದೇ ಇದು. ಒಂದೇ ಠಾಣೆಯಲ್ಲಿ ಒಂದೇ ಹೆಸರಿನ ಮೂವರು ಇದ್ದರೂ ನಂಬರ್ ಮೂರು ಬೇರೆ. ನಮ್ಮ ಜಿಲ್ಲೆಯಲ್ಲಿ ಒಂದೇ ಅಡ್ಡಹೆಸರಿನವರು ಎಷ್ಟು ಜನ ಅಂತ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ.

ಭುಜ ಓದುವುದು

ಕಾನ್‌ಸ್ಟೇಬಲ್ ಭುಜದಲ್ಲಿ ಅಕ್ಷರ ಬಿಟ್ಟರೆ ಹುದ್ದೆಯ ಗುರುತು ಏನೂ ಇಲ್ಲ. ಹೆಡ್ ಕಾನ್‌ಸ್ಟೇಬಲ್‌ಗೆ ತೋಳಿನ ಮೇಲೆ ಮೂರು ಪಟ್ಟಿ, ಬಾಣದ ತುದಿಯ ಹಾಗೆ ಮಡಚಿದ್ದು. ಇದು ಬ್ರಿಟಿಷ್ ಸೈನ್ಯದಿಂದ ಬಂದದ್ದು. 1802ರ ಹೊತ್ತಿಗೆ ಅಲ್ಲಿ ಸಾರ್ಜೆಂಟ್, ಕಾರ್ಪೊರಲ್‌ಗಳಿಗೆ ಇಂಥ ಪಟ್ಟಿ ಕೊಡಲು ಶುರು ಮಾಡಿದರು. ಪೊಲೀಸರು ಸೈನ್ಯದ ಅಂಗಡಿಯಿಂದ ಸಾಲ ತಂದ ಗುರುತುಗಳಲ್ಲಿ ಇದೂ ಒಂದು.

ನಕ್ಷತ್ರ ಶುರುವಾಗುವುದು ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರಿಂದ. ಅವರಿಗೆ ಒಂದು, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು. ಈ ಮೂವರಿಗೂ ಭುಜದ ತುದಿಯಲ್ಲಿ ಕೆಂಪು-ನೀಲಿ ರಿಬ್ಬನ್ ಇರುತ್ತದೆ. ಡಿವೈಎಸ್‌ಪಿಗೂ ಮೂರೇ ನಕ್ಷತ್ರ, ಆದರೆ ಆ ರಿಬ್ಬನ್ ಇಲ್ಲ. ನಾನು ಮುಗ್ಗರಿಸಿದ್ದು ಇಲ್ಲೇ! ರಿಬ್ಬನ್ ಇದ್ದರೆ ಠಾಣೆಯ ಮಟ್ಟದವರು, ಇಲ್ಲದಿದ್ದರೆ ಹಲವು ಠಾಣೆಗಳನ್ನು ನೋಡಿಕೊಳ್ಳುವವರು ಅಂತ ನೆನಪಿಟ್ಟುಕೊಂಡರೆ ಸಾಕು. ಶಿರಸಿಯ ಡಿವೈಎಸ್‌ಪಿ ಎರಡನೇ ಸಾಲಿಗೆ ಸೇರಿದವರು. ಇನ್ನೊಂದು ವಿಚಿತ್ರ ನೋಡಿ: ಇಲ್ಲಿ ಅಲಂಕಾರ ಕಡಿಮೆಯಾದರೆ ಹುದ್ದೆ ದೊಡ್ಡದು.

ಅಲ್ಲಿಂದ ಮೇಲೆ ಮೂರು ಸಿಂಹದ ಲಾಂಛನ ಬರುತ್ತದೆ. ಕಾರವಾರದಲ್ಲಿ ಕೂರುವ, ಜಿಲ್ಲೆಯ ಪೊಲೀಸರ ಮುಖ್ಯಸ್ಥರಾದ ಎಸ್‌ಪಿಯವರಿಗೆ ಲಾಂಛನ ಮತ್ತು ಒಂದು ನಕ್ಷತ್ರ, ಸೇವೆ ಜಾಸ್ತಿಯಾದವರಿಗೆ ಎರಡು. ಡಿಐಜಿಗೆ ಲಾಂಛನದ ಜೊತೆ ಮೂರು. ನಮ್ಮ ಜಿಲ್ಲೆ ಸೇರುವುದು ಮಂಗಳೂರಿನ ಪಶ್ಚಿಮ ವಲಯಕ್ಕೆ. ಆ ವಲಯದ ಮುಖ್ಯಸ್ಥ ಐಜಿಪಿ ಭುಜದಲ್ಲಿ ಅಡ್ಡಡ್ಡ ಇಟ್ಟ ಕತ್ತಿ ಮತ್ತು ದಂಡ, ಮೇಲೊಂದು ನಕ್ಷತ್ರ. ಡಿಜಿಪಿಗೆ ಕತ್ತಿ-ದಂಡದ ಮೇಲೆ ನಕ್ಷತ್ರದ ಬದಲು ಲಾಂಛನ.

ಹುಬ್ಬಳ್ಳಿಗೋ ಮಂಗಳೂರಿಗೋ ಹೋದರೆ ಹೆಸರುಗಳು ಬದಲಾಗುತ್ತವೆ. ಅಲ್ಲಿ ನಗರ ಪೊಲೀಸ್ ಕಮಿಷನರೇಟ್ ಇದೆ, ಡಿಸಿಪಿ, ಎಸಿಪಿ ಇರುತ್ತಾರೆ. ಗಾಬರಿ ಬೇಡ. ಡಿಸಿಪಿ ನಮ್ಮ ಎಸ್‌ಪಿ ಸಮಾನರು, ಎಸಿಪಿ ಡಿವೈಎಸ್‌ಪಿ ಸಮಾನರು. ಬಾಗಿಲ ಬೋರ್ಡು ಬೇರೆ, ಭುಜ ಒಂದೇ. ಹಾಗೆಯೇ ಕಾರವಾರದ ಪೇಟೆಯಲ್ಲಿ ಕದಂಬ ನೌಕಾನೆಲೆಯವರನ್ನು ಕಂಡು ಅದೇ ಲೆಕ್ಕ ಹಾಕಬೇಡಿ. ನೌಕಾಪಡೆಯ ಅಧಿಕಾರಿಗಳ ಭುಜದಲ್ಲಿ ಬಂಗಾರದ ಬಣ್ಣದ ಪಟ್ಟಿಗಳಿರುತ್ತವೆ, ಅದರ ಓದು ಪೂರ್ತಿ ಬೇರೆ.

ಕಿರೀಟ ಇಳಿದು ಸಿಂಹ ಬಂತು

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯವೇ ಕರ್ನಾಟಕವಾಯಿತು. ಈಗ 1945ರಲ್ಲಿ ಕುಮಟೆಯ ಹುಡುಗನೊಬ್ಬ ಕಾನ್‌ಸ್ಟೇಬಲ್ ಆಗಿ ಸೇರಿದ, ಮೂವತ್ತು ವರ್ಷ ಕೆಲಸ ಮಾಡಿದ ಅಂತ ಇಟ್ಟುಕೊಳ್ಳಿ. ಅವನು ಸೇರಿದ್ದು ಇಂಗ್ಲೆಂಡಿನ ರಾಜನ ಪೊಲೀಸನಾಗಿ. 1950ರ ಜನವರಿ 26ರಂದು ಸಾರನಾಥದ ಸಿಂಹಗಳು ದೇಶದ ಲಾಂಛನವಾದವು, ಅವನ ಸಾಹೇಬರ ಭುಜದ ಮೇಲಿನ ಕಿರೀಟ ಹೋಯಿತು. 1956ರ ನವೆಂಬರ್‌ನಲ್ಲಿ ಬೆಳಗಾಗುವಷ್ಟರಲ್ಲಿ ಮುಂಬಯಿ ಪೊಲೀಸ್ ಹೋಗಿ ಮೈಸೂರು ಪೊಲೀಸ್. ನಿವೃತ್ತಿಯ ಹೊತ್ತಿಗೆ ಕರ್ನಾಟಕ ಪೊಲೀಸ್. ಮನುಷ್ಯ ಅವನೇ, ಗಸ್ತು ತಿರುಗಿದ ಬೀದಿಯೂ ಅದೇ. ಭುಜದ ಮೇಲಿನ ಒಡೆಯರು ಮಾತ್ರ ಬದಲಾಗುತ್ತ ಹೋದರು.

ಬಣ್ಣ ಮಾತ್ರ ಬದಲಾಗಲಿಲ್ಲ. ಖಾಕ್ ಅಂದರೆ ಪಾರ್ಸಿ ಭಾಷೆಯಲ್ಲಿ ಧೂಳು. 1840ರ ದಶಕದಲ್ಲಿ ವಾಯವ್ಯ ಗಡಿಯ ಸೈನಿಕರಿಗೆ ಈ ಬಣ್ಣದ ಬಟ್ಟೆ ಬಂತು ಅನ್ನುವುದು ಸಾಮಾನ್ಯವಾಗಿ ಹೇಳುವ ಚರಿತ್ರೆ. ಕರಾವಳಿಯವರು ಇನ್ನೊಂದು ಹೇಳುತ್ತಾರೆ: 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಖಾಕಿ ಬಣ್ಣ ಕಂಡುಹಿಡಿದರು, ಕೆನರಾದ ಪೊಲೀಸರಿಗೆ ಅದೇ ಬಟ್ಟೆ ಹೊಲಿಸಿದರು ಅಂತ. ಆಗ ಉತ್ತರ, ದಕ್ಷಿಣ ಅಂತ ಇನ್ನೂ ಒಡೆದಿರಲಿಲ್ಲ, ಇಡೀ ಕೆನರಾ ಒಂದೇ ಜಿಲ್ಲೆ. ಹಾಗಾಗಿ ಈ ಕಥೆಯಲ್ಲಿ ನಮಗೂ ಪಾಲು ಇದೆ ಅಂತ ಕಾರವಾರದವರು ವಾದಿಸಬಹುದು.

ಟೋಪಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಬದಿಯ ಅಂಚನ್ನು ಮಡಚಿ ಬಿಲ್ಲೆ ಸಿಕ್ಕಿಸುವ ಸ್ಲೋಚ್ ಹ್ಯಾಟ್ ಕರ್ನಾಟಕದ ಕಾನ್‌ಸ್ಟೇಬಲ್‌ಗಳ ಗುರುತೇ ಆಗಿತ್ತು. ಓಡುವಾಗ ಬೀಳುತ್ತದೆ, ತಲೆ ಬೇಯುತ್ತದೆ ಅಂತ ದೂರು ಹಳೆಯದು. 2025ರ ಅಕ್ಟೋಬರ್‌ನಲ್ಲಿ ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಬಂತು. ಜಮಾದಾರ ಮಾವ ಹ್ಯಾಟಿನ ಪಕ್ಷ. ‘ಮಳೆಗೆ ಒದ್ದೆಯಾದರೆ ಭಾರ ಹೌದು, ಆದರೆ ಕಿವಿ ಒಂದಾದರೂ ನೆನೆಯುತ್ತಿರಲಿಲ್ಲ’ ಅನ್ನುತ್ತಾರೆ.

ಎದೆಯ ಮೇಲಿನ ಬಣ್ಣದ ಪಟ್ಟಿಗಳು

ಇನ್ನು ಎಡ ಎದೆ. ಜೇಬಿನ ಮೇಲೆ ಬಣ್ಣ ಬಣ್ಣದ ಚಿಕ್ಕ ಪಟ್ಟಿಗಳು ಕಾಣುತ್ತವಲ್ಲ, ಅವು ಪದಕದ ರಿಬ್ಬನ್‌ಗಳು. ಲೋಹದ ಪದಕವನ್ನು ದಿನಾ ಹಾಕುವುದಿಲ್ಲ. ಗಣರಾಜ್ಯೋತ್ಸವದಂಥ ದಿನ, ಪೊಲೀಸ್ ಪರೇಡ್ ಮೈದಾನದಲ್ಲಿ ಮಾತ್ರ ಅದು ತೂಗುವುದು. ಉಳಿದ ದಿನ ರಿಬ್ಬನ್ನಿನ ತುಣುಕೇ ಅದರ ಪ್ರತಿನಿಧಿ. ಸಾಲಿನಲ್ಲಿ ಅಂಗಿಯ ಗುಂಡಿಗೆ ಹತ್ತಿರ ಇರುವುದು ಎಲ್ಲಕ್ಕಿಂತ ದೊಡ್ಡದು.

ಇದರ ಮೂಲ 1909. ಏಳನೇ ಎಡ್ವರ್ಡ್ ದೊರೆ ಆ ವರ್ಷ ಜುಲೈನಲ್ಲಿ ‘ಕಿಂಗ್ಸ್ ಪೊಲೀಸ್ ಮೆಡಲ್’ ಶುರು ಮಾಡಿದ. ಒಂದು ಮುಖದಲ್ಲಿ ದೊರೆಯ ತಲೆ, ಇನ್ನೊಂದು ಮುಖದಲ್ಲಿ ‘ನನ್ನ ಜನರನ್ನು ಕಾಯಲು’ ಎಂಬ ಅರ್ಥದ ಇಂಗ್ಲಿಷ್ ಬರಹ. ಇಡೀ ಸಾಮ್ರಾಜ್ಯಕ್ಕೆ ಒಂದೇ ಪದಕ. 1932ರ ಫೆಬ್ರವರಿಯಲ್ಲಿ ಭಾರತಕ್ಕೇ ಅಂತ ಬೇರೆ ‘ಇಂಡಿಯನ್ ಪೊಲೀಸ್ ಮೆಡಲ್’ ಬಂತು.

ಆ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತರು, ಜಮೀನು ಕಳೆದುಕೊಂಡರು. ಪದಕ ಹುಟ್ಟಿದ್ದು ಇದೇ ಗದ್ದಲದ ಕಾಲದಲ್ಲಿ. ಜಪ್ತಿಗೆ ಬಂದವರೂ ನಮ್ಮವರೇ, ಮನೆ ಬಿಟ್ಟು ಹೊರಬಿದ್ದವರೂ ನಮ್ಮವರೇ. ದೊರೆಯ ‘ನನ್ನ ಜನ’ ಯಾರು ಅನ್ನುವ ಪ್ರಶ್ನೆಗೆ ಅಂಕೋಲೆಯ ಉತ್ತರ ಬೇರೆಯೇ ಇತ್ತು. ಪದಕದ ಹಿಂದೆ ಅದನ್ನು ಕೊಡುವವನು ಯಾವಾಗಲೂ ನಿಂತಿರುತ್ತಾನೆ, ಅವನನ್ನು ಬಿಟ್ಟು ಪದಕ ಓದಲು ಆಗುವುದಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ಗಣರಾಜ್ಯವಾದ ಮೇಲೆ 1951ರ ಮಾರ್ಚ್ 1ರಂದು ರಾಷ್ಟ್ರಪತಿಗಳ ಪದಕ ಮತ್ತು ಪೊಲೀಸ್ ಪದಕ ಎಂಬ ಎರಡು ಪದಕಗಳು ಬಂದವು. ಎರಡರಲ್ಲೂ ಶೌರ್ಯಕ್ಕೆ ಒಂದು ಬಗೆ, ಸೇವೆಗೆ ಒಂದು ಬಗೆ. ಈ ವ್ಯತ್ಯಾಸವನ್ನು ಪತ್ರಿಕೆಗಳೂ ಎಷ್ಟೋ ಸಲ ಮರೆಯುತ್ತವೆ. ಶೌರ್ಯ ಪದಕ ಒಂದು ಘಟನೆಗೆ, ಕೆಲವೊಮ್ಮೆ ಅರ್ಧ ನಿಮಿಷದ ಕೆಲಸಕ್ಕೆ ಸಿಗುವುದು. ಸೇವಾ ಪದಕ ಹತ್ತಾರು ವರ್ಷ ಕಪ್ಪುಚುಕ್ಕೆ ಇಲ್ಲದೆ ದುಡಿದದ್ದಕ್ಕೆ ಸಿಗುವುದು. ‘ರಾಷ್ಟ್ರಪತಿ ಪದಕ ಬಂತು’ ಅಂತ ಸುದ್ದಿ ಕೇಳಿದರೆ ಯಾವುದು ಅಂತ ಮೊದಲು ಕೇಳಿ.

ಕಾಲಕ್ರಮೇಣ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ, ಕಾರಾಗೃಹ ಅಂತ ಪದಕಗಳು ಹೆಚ್ಚಿ ಹದಿನಾರು ಬಗೆಯಾದವು. 2024ರ ಗಣರಾಜ್ಯೋತ್ಸವದ ಹೊತ್ತಿಗೆ ಕೇಂದ್ರ ಗೃಹ ಇಲಾಖೆ ಅವನ್ನೆಲ್ಲ ಕೂಡಿಸಿ ನಾಲ್ಕೇ ಮಾಡಿತು: ಶೌರ್ಯಕ್ಕೆ ಎರಡು, ವಿಶಿಷ್ಟ ಸೇವೆಗೆ ಒಂದು, ಶ್ಲಾಘನೀಯ ಸೇವೆಗೆ ಒಂದು. ಒಳ್ಳೆಯ ಕೆಲಸ ಅನ್ನಬೇಕು.

ಎದೆ ತುಂಬ ರಿಬ್ಬನ್ ಇದ್ದರೆ ಎಲ್ಲವೂ ಸಾಹಸಕ್ಕೇ ಬಂದದ್ದು ಅಂತ ತಿಳಿಯಬೇಡಿ. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ, 1997ರಲ್ಲಿ 50ನೇ ವರ್ಷಕ್ಕೆ, 2022ರಲ್ಲಿ 75ನೇ ವರ್ಷಕ್ಕೆ ಪದಕಗಳು ಬಂದವು. ಆ ದಿನ ಸೇವೆಯಲ್ಲಿದ್ದರೆ ಸಾಕು. ಅದು ಒಂಥರಾ ಹಾಜರಿ ಗುರುತು. ತಪ್ಪೇನಿಲ್ಲ, ಆದರೆ ಓದುವವರಿಗೆ ಗೊತ್ತಿರಬೇಕು.

ರಾಜ್ಯದ ಮಟ್ಟದಲ್ಲಿ ದೊಡ್ಡದು ಮುಖ್ಯಮಂತ್ರಿಗಳ ಪದಕ. ಅದನ್ನು ಕೊಡುವ ದಿನ ಏಪ್ರಿಲ್ 2, ಪೊಲೀಸ್ ಧ್ವಜ ದಿನ. ರಾಜ್ಯದ 1963ರ ಪೊಲೀಸ್ ಕಾಯ್ದೆ 1965ರ ಅದೇ ತಾರೀಖಿಗೆ ಜಾರಿಗೆ ಬಂತು. ನಮ್ಮ ಜಿಲ್ಲೆಗೆ ಇದು ಬರೀ ತಾರೀಖಲ್ಲ. ಅಲ್ಲಿಯವರೆಗೆ ಮುಂಬಯಿ ಕಾಯ್ದೆ ಒಂದು ಕಡೆ, ಮದ್ರಾಸ್ ಕಾಯ್ದೆ ಇನ್ನೊಂದು ಕಡೆ, ಮೈಸೂರು, ಹೈದರಾಬಾದ್ ಮತ್ತೊಂದು ಕಡೆ ಅಂತ ಇದ್ದ ಪೊಲೀಸರು ಒಂದೇ ಕಾಯ್ದೆಯ ಕೆಳಗೆ ಬಂದದ್ದು ಆವತ್ತು. ಇದರ ಕೆಳಗೆ ಡಿಜಿ-ಐಜಿಪಿ ಅವರ ಪ್ರಶಂಸನಾ ಪದಕವೂ ಇದೆ.

ಪದಕ ಬರುವ ದಾರಿ ಉದ್ದ. ಜಿಲ್ಲೆಯಿಂದ ಶಿಫಾರಸು ಹೊರಟು ವಲಯ, ಡಿಜಿ ಕಚೇರಿ, ರಾಜ್ಯ ಗೃಹ ಇಲಾಖೆ, ದಿಲ್ಲಿ ಅಂತ ಹತ್ತಿ ರಾಷ್ಟ್ರಪತಿಗಳ ಹೆಸರಲ್ಲಿ ಪ್ರಕಟವಾಗುತ್ತದೆ. ಇಲಾಖಾ ವಿಚಾರಣೆ ಬಾಕಿ ಇದ್ದರೆ ಸೇವಾ ಪದಕದ ಆಸೆ ಬಿಡಬೇಕು. ಕೊಟ್ಟ ಮೇಲೂ ನಿಶ್ಚಿಂತೆ ಇಲ್ಲ, ಗಂಭೀರ ತಪ್ಪು ಸಾಬೀತಾದರೆ ಪದಕವನ್ನು ವಾಪಸು ಪಡೆಯಲು ನಿಯಮದಲ್ಲಿ ಅವಕಾಶವಿದೆ.

ಭುಜ ಬೇರೆ, ಎದೆ ಬೇರೆ ಅಂದೆನಲ್ಲ. ಅದಕ್ಕೆ ಒಂದೇ ಉದಾಹರಣೆ ಸಾಕು. ಕಾರವಾರದ ಕಡಲತೀರದ ಬಳಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು, 1948ರ ಕಾಶ್ಮೀರ ಯುದ್ಧಕ್ಕೆ ಪರಮವೀರ ಚಕ್ರ ಪಡೆದವರು. ‘ಪೊಲೀಸರಿಗೆ ಪರಮವೀರ ಚಕ್ರ ಯಾಕಿಲ್ಲ?’ ಅಂತ ಕೇಳುವವರಿದ್ದಾರೆ. ಅದು ಶತ್ರುಸೈನ್ಯದ ಎದುರಿನ ಪರಾಕ್ರಮಕ್ಕೆ, ಸೇನೆಯವರಿಗೆ. ಅದಕ್ಕೆ ಸಮನಾಗಿ ಯುದ್ಧಭೂಮಿಯ ಹೊರಗಿನ ಶೌರ್ಯಕ್ಕೆ ಅಶೋಕ ಚಕ್ರ ಇದೆ, ಅದು ಪೊಲೀಸರಿಗೂ ಉಂಟು, ನಮ್ಮ ನಿಮ್ಮಂಥವರಿಗೂ ಉಂಟು. 2008ರ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ಉಗ್ರ ಕಸಬ್‌ನ ಬಂದೂಕಿನ ನಳಿಕೆಯನ್ನು ಬರಿಗೈಯಲ್ಲಿ ಹಿಡಿದು, ಗುಂಡು ತಿಂದರೂ ಬಿಡದ ತುಕಾರಾಮ್ ಓಂಬ್ಳೆಯವರಿಗೆ 2009ರಲ್ಲಿ ಅದು ಮರಣೋತ್ತರವಾಗಿ ಬಂತು. ಅವರ ಹುದ್ದೆ ಎಎಸ್‌ಐ. ಭುಜದಲ್ಲಿ ಒಂದೇ ನಕ್ಷತ್ರದ ಹುದ್ದೆ, ಎದೆಗೆ ಯುದ್ಧಭೂಮಿಯ ಹೊರಗಿನ ಶೌರ್ಯಕ್ಕೆ ದೇಶದ ಅತಿ ದೊಡ್ಡ ಪದಕ.

ಎದೆಯ ಮೇಲೆ ಕಾಣದ ಪ್ರಶಂಸೆ

ಇಷ್ಟೆಲ್ಲ ಹೇಳಿದರೂ, ಹೆಚ್ಚಿನ ಪೊಲೀಸರಿಗೆ ಶೌರ್ಯ ಪದಕವೂ ಸೇವಾ ಪದಕವೂ ಸಿಗುವುದಿಲ್ಲ ಅಂದರೆ ಜಮಾದಾರ ಮಾವ ಹೌದು ಅಂತ ತಲೆ ಆಡಿಸುತ್ತಾರೆ. ಅವರ ಲೋಕದಲ್ಲಿ ಚಲಾವಣೆ ಇದ್ದದ್ದು ಬೇರೆ ನಾಣ್ಯ: ನಗದು ಬಹುಮಾನ, ಪ್ರಶಂಸನಾ ಪತ್ರ, ಮತ್ತೆ ‘ಜಿಎಸ್‌ಇ’. ಗುಡ್ ಸರ್ವೀಸ್ ಎಂಟ್ರಿ ಅಂತ ಅದರ ಪೂರ್ತಿ ಹೆಸರು. ಒಳ್ಳೆಯ ಕೆಲಸ ಮಾಡಿದಾಗ ಎಸ್‌ಪಿ ಆದೇಶ ಹೊರಡಿಸುತ್ತಾರೆ, ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರುತ್ತದೆ. ಅಂಗಿಯ ಮೇಲೆ ಏನೂ ಕಾಣುವುದಿಲ್ಲ. ಆದರೆ ನಾಳೆ ದೊಡ್ಡ ಪದಕಕ್ಕೆ ಹೆಸರು ಕಳಿಸುವಾಗ ಮೊದಲು ಎಣಿಸುವುದು ಈ ಸಾಲುಗಳನ್ನೇ.

ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಾವ ಒಂದು ಕಾಗದ ಇಟ್ಟಿದ್ದಾರೆ. ಟೈಪ್ ಮಾಡಿದ್ದು, ಮಡಿಕೆಯಲ್ಲಿ ಹರಿದು ಸೆಲ್ಲೋಟೇಪ್ ಅಂಟಿಸಿದ್ದು. ಶಿರಸಿ ಮಾರಿಕಾಂಬಾ ಜಾತ್ರೆಯ ಬಂದೋಬಸ್ತಿನಲ್ಲಿ ಸರಗಳ್ಳನನ್ನು ಹಿಡಿದದ್ದಕ್ಕೆ ಇಪ್ಪತ್ತೈದು ರೂಪಾಯಿ ಬಹುಮಾನ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಗದ್ದಲ ನೋಡಿದವರಿಗೆ ಅದು ಎಂಥ ಕೆಲಸ ಅಂತ ಗೊತ್ತು. ‘ದುಡ್ಡು ಅವತ್ತೇ ಚಹಾ-ಮಿರ್ಚಿಗೆ ಮುಗೀತು. ಕಾಗದ ಉಳೀತು’ ಅಂದರು.

ಪ್ರಶಂಸೆಯ ಇನ್ನೊಂದು ತುದಿ ಅಕ್ಟೋಬರ್ 21. 1959ರ ಆ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಸತ್ತರು. ಪ್ರತಿ ಜಿಲ್ಲೆಯಲ್ಲೂ ಆ ದಿನ ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿ ಸತ್ತವರ ಹೆಸರು ಓದುತ್ತಾರೆ. ಓದುವವರು ಪದಕ ಬಂದವರು, ಬಾರದವರು ಅಂತ ಬೇರೆ ಮಾಡುವುದಿಲ್ಲ.

ನಮಗೆ ಬೇಕಾದದ್ದು ಬಲ ಎದೆ

ಸಾಮಾನ್ಯ ಜನ ಕಲಿಯಲೇಬೇಕಾದ ಗುರುತು ಅಂದರೆ ಹೆಸರಿನ ಪಟ್ಟಿ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಬಂಧಿಸುವ ಪೊಲೀಸರು ಹೆಸರು, ಹುದ್ದೆ ಕಾಣುವಂತೆ ಗುರುತು ಧರಿಸಿರಬೇಕು. ಈಗ ಹೆಸರು ಕಾಣುವಂತಿರಬೇಕು ಅನ್ನುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂನಲ್ಲೂ ಇದೆ. ಹೆಸರು ಓದಿದರೆ ಯಾರೂ ಸಿಟ್ಟಾಗುವ ಹಾಗಿಲ್ಲ.

ಸುಳ್ಳು ಬಿಲ್ಲೆಗೂ ಕಾನೂನು ಇದೆ. ಮೋಸ ಮಾಡುವ ಉದ್ದೇಶದಿಂದ ಸರ್ಕಾರಿ ನೌಕರನ ಉಡುಪು ತೊಟ್ಟರೆ ಅಥವಾ ಗುರುತು ಹಿಡಿದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದೇ ತಪ್ಪಿಗೆ ದಂಡ ಇನ್ನೂರೇ ರೂಪಾಯಿ ಇತ್ತು. ನಾಟಕದಲ್ಲಿ ಪೊಲೀಸ್ ವೇಷ ಹಾಕುವವರು ಹೆದರಬೇಕಿಲ್ಲ, ಮೋಸದ ಉದ್ದೇಶ ಇರಬೇಕು.

ಇದನ್ನು ಓದಿ ಹೇಳಿದಾಗ ನಾನು ಮಾವನನ್ನು ಛೇಡಿಸಿದೆ. ನಿವೃತ್ತಿಯಾದವರು ಎಲ್ಲ ವಾಪಸು ಕೊಡಬೇಕಲ್ಲ, ಮತ್ತೆ ನಂಬರ್ ತಗಡು ನಿಮ್ಮ ಡಬ್ಬಿಯಲ್ಲಿ ಹೇಗೆ? ಅವರು ನಕ್ಕರು. ಹೊಸದಾಗಿ ಸೇರಿದ್ದಾಗ ಅದನ್ನು ಕಳೆದುಕೊಂಡಿದ್ದರಂತೆ. ಬೈಸಿಕೊಂಡು, ದಂಡ ಕಟ್ಟಿ ಬೇರೆ ತಗಡು ತಗೊಂಡರು. ಕೊನೆಗೆ ವಾಪಸು ಕೊಟ್ಟದ್ದು ಆ ಎರಡನೆಯದನ್ನು. ಮೊದಲಿನದು ಎಷ್ಟೋ ವರ್ಷ ಆದಮೇಲೆ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನಡಿ ಸಿಕ್ಕಿತು.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ನೋಡುತ್ತಿದ್ದ ಒಬ್ಬ ಹುಡುಗನ ನಂಬರ್ ಮೇಲೆ ಅವರ ಕಣ್ಣು ಬಿತ್ತಂತೆ. ಅದೇ ಮೂರಂಕಿ. ಖಾಲಿಯಾದ ನಂಬರ್ ಹೊಸಬರಿಗೆ ಹೋಗುತ್ತದೆ. ಮಾವ ಹತ್ತಿರ ಹೋಗಿ ‘ತಮ್ಮಾ, ಅದು ನನ್ನ ನಂಬರು’ ಅಂದರು. ಹುಡುಗನಿಗೆ ಅರ್ಥವಾಗಲಿಲ್ಲ. ‘ಏನಾದ್ರೂ ಕಳೆದುಹೋಗಿದ್ಯಾ ಅಜ್ಜಾ?’ ಅಂತ ಕೇಳಿದ.